ಸವೆದ ದಪ್ಪಕ್ಷರ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಟೀ ಶರ್ಟ್, ಜಿಮ್ ಬೋರ್ಡ್, ನಾಟಕ ಮತ್ತು ಸಿನಿಮಾ ಪೋಸ್ಟರ್‌ಗಳಲ್ಲಿ ಗೀರು ಬಿದ್ದು, ಬಣ್ಣ ಉದುರಿದಂತೆ ಕಾಣುವ ದಪ್ಪ ಅಕ್ಷರಗಳಿವೆಯಲ್ಲ, ಡಿಸ್ಟ್ರೆಸ್ಡ್ ಅಥವಾ ಗ್ರಂಜ್ ಫಾಂಟ್ ಎಂದು ವಿನ್ಯಾಸಕರು ಕರೆಯುವಂಥವು, ಈ ಸಂಚಿಕೆಗೆ ಆಯ್ದ ಪ್ರಶ್ನೆಗಳೆಲ್ಲ ಅವುಗಳದ್ದೇ.

ಈ ಶೈಲಿ ಎಲ್ಲಿಂದ ಬಂತು? ಇಂಗ್ಲಿಷ್ ಅಕ್ಷರಗಳಿಗೆ ನೂರಾರು ಫಾಂಟ್ ಸಿಗುತ್ತವೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?
— ಓದುಗರು, ದಾವಣಗೆರೆ

ಬೇರು ಇರುವುದು ಮರದ ಅಚ್ಚಿನಲ್ಲಿ. ತುದಿಗೆ ಅಡ್ಡಗೀಟಿಲ್ಲದ ಸ್ಯಾನ್ಸ್ ಅಕ್ಷರವನ್ನು ಲಂಡನ್ನಿನ ನಾಲ್ಕನೇ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಅಚ್ಚಿಗೆ ತಂದ. ದೊಡ್ಡ ಪೋಸ್ಟರಿಗೆ ಸೀಸದ ಅಚ್ಚು ತೀರಾ ಭಾರ, ಎರಕ ಹೊಯ್ಯುವಾಗ ಮೇಲ್ಮೈಯೂ ಸಮನಾಗಿ ಬರುವುದಿಲ್ಲ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರವನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮಾದರಿ ಇದ್ದರೆ ಬೇರೆ ಬೇರೆ ಅಳತೆಯ ಅಕ್ಷರ ಕೊರೆಯಬಹುದಾಯಿತು. ಸರ್ಕಸ್, ಹರಾಜು, ನಾಟಕದ ಪೋಸ್ಟರುಗಳು ಈ ಅಚ್ಚಿನಿಂದಲೇ ಹೊರಟವು. ವರ್ಷಗಟ್ಟಲೆ ಬಳಸಿದ ಅಚ್ಚಿನ ಅಂಚು ಚಕ್ಕೆ ಏಳುತ್ತಿತ್ತು, ಮೇಲ್ಮೈಯಲ್ಲಿ ತಗ್ಗು ಬೀಳುತ್ತಿತ್ತು, ಶಾಯಿ ಎಲ್ಲ ಕಡೆ ಹತ್ತುತ್ತಿರಲಿಲ್ಲ. ಇಂದಿನ ಫಾಂಟುಗಳು ಅನುಕರಿಸುವುದು ಆ ಸವೆತವನ್ನೇ. ಗಣಕಯಂತ್ರದ ಕಾಲಕ್ಕೆ ಬಂದರೆ, ಯುಸ್ಟ್ ಫಾನ್ ರೋಸಮ್ ರಬ್ಬರ್ ಸ್ಟ್ಯಾಂಪ್, ರಟ್ಟಿನ ಪೆಟ್ಟಿಗೆ, ಕೊರೆಯಚ್ಚುಗಳ ಗುರುತನ್ನು ಹಿಡಿದು 1992ರಲ್ಲಿ ಮಾಡಿದ ‘ಇನ್‌ಸ್ಟಂಟ್ ಟೈಪ್ಸ್’ ಸರಣಿ ಈ ಬಗೆಯನ್ನು ಜನಪ್ರಿಯ ಮಾಡಿದವುಗಳಲ್ಲಿ ಮುಖ್ಯವಾದದ್ದು.

ಒಳ್ಳೆಯ ಫಾಂಟನ್ನು ಗುರುತಿಸಲು ಒಂದೇ ಪ್ರಶ್ನೆ ಕೇಳಿ: ಈ ಸವೆತ ಯಾವುದರಿಂದ ಆಯಿತು? ಪ್ರತಿ ಕಾರಣದ ಗುರುತೂ ಬೇರೆ. ಅಚ್ಚುಮೊಳೆಯಿಂದ ಒತ್ತಿದ ಅಕ್ಷರದಲ್ಲಿ ಒತ್ತಡಕ್ಕೆ ಶಾಯಿ ಹೊರಗೆ ಸರಿಯುವುದರಿಂದ ಅಂಚು ಕಡುಕಪ್ಪಾಗಿ, ನಡುವೆ ಉಪ್ಪು ಉದುರಿದಂತೆ ಬಿಳಿ ಚುಕ್ಕೆಗಳು ಏಳುತ್ತವೆ. ರಬ್ಬರ್ ಸ್ಟ್ಯಾಂಪಿನಲ್ಲಿ ಅಕ್ಷರದ ಒಂದು ಬದಿ ಗಾಢ, ಇನ್ನೊಂದು ಬದಿ ಮಾಸಲು. ಕೊರೆದ ತಗಡಿನ ಮೇಲೆ ಬಣ್ಣ ಸಿಂಪಡಿಸಿದರೆ ಅಂಚು ಮಸುಕು, ಒಳಗೆ ಮಾತ್ರ ಭರ್ತಿ. ಫೋಟೊಕಾಪಿಯನ್ನು ಮತ್ತೆ ಮತ್ತೆ ಫೋಟೊಕಾಪಿ ಮಾಡಿದರೆ ಅಂಚು ಕೊರೆದು ಹೋಗಿ, ಹೊರಗಿನ ಖಾಲಿ ಜಾಗದಲ್ಲಿ ಧೂಳಿನ ಕಣಗಳು ಕಾಣಿಸಿಕೊಳ್ಳುತ್ತವೆ. ಕಳಪೆ ಫಾಂಟಿನಲ್ಲಿ ಇವೆಲ್ಲ ಕಲಸಿ ಹೋಗಿರುತ್ತವೆ. ಮರದ ಅಚ್ಚು ಎಂದು ಹೆಸರಿಟ್ಟು ಅಕ್ಷರದ ಉದ್ದಕ್ಕೂ ಹಲಗೆಯ ನಾರಿನ ಗೆರೆ ಎಳೆದ ಫಾಂಟುಗಳೂ ಇವೆ. ಹೆಚ್ಚಿನ ಮರದ ಅಚ್ಚುಗಳನ್ನು ಮೇಪಲ್ ಮರದ ಅಡ್ಡಗೊಯ್ದ ಮುಖದ ಮೇಲೆ ಕೊರೆಯುತ್ತಿದ್ದರು, ಅಲ್ಲಿ ಉದ್ದನೆಯ ನಾರು ಕಾಣುವುದೇ ಇಲ್ಲ.

ಉಚಿತವಾಗಿ ಸಿಗುವವುಗಳಲ್ಲಿ ಗೂಗಲ್ ಫಾಂಟ್ಸ್‌ನ ‘ರೂಬಿಕ್ ಡಿಸ್ಟ್ರೆಸ್ಡ್’ ಮತ್ತು ‘ರೂಬಿಕ್ ಡರ್ಟ್’ ಎರಡನ್ನೂ ಮೊದಲು ನೋಡಿ. ತುಸು ದುಂಡು ಮೂಲೆಯ ರೂಬಿಕ್ ಅಕ್ಷರಗಳ ಮೇಲೆಯೇ ಸವೆತ ಕೂರಿಸಿದ ರೂಪಗಳಿವು. ಸವೆತವನ್ನು ನೀವೇ ಕೊಡುವುದಾದರೆ ‘ಬೇಬಸ್ ನೋಯೆ’ ಅಥವಾ ‘ಲೀಗ್ ಗಾಥಿಕ್’ನಂಥ ಸ್ವಚ್ಛ, ಕಿರಿದಗಲದ ದಪ್ಪಕ್ಷರದಿಂದ ಹೊರಡಿ. ವಿಂಡೋಸ್ ಜೊತೆಗೇ ಬರುವ, 1965ರಲ್ಲಿ ಜೆಫ್ರಿ ಲೀ ರೂಪಿಸಿದ ‘ಇಂಪ್ಯಾಕ್ಟ್’ ಕೂಡ ಆಗುತ್ತದೆ. ಆದರೆ ಅದರ ಒಳಗಿನ ಖಾಲಿ ಜಾಗಗಳು ಬಹಳ ಕಿರಿದು, ಸಣ್ಣ ಅಳತೆಯಲ್ಲಿ ಮುಚ್ಚಿಹೋಗುತ್ತವೆ.

ನಮ್ಮ ಹವ್ಯಾಸಿ ತಂಡದ ನಾಟಕದ ಪೋಸ್ಟರಿಗೆ ಕನ್ನಡದಲ್ಲೇ ಇಂಥ ಶೀರ್ಷಿಕೆ ಬೇಕು. ಕನ್ನಡ ಫಾಂಟ್ ಹುಡುಕಿದರೆ ಸಿಗುತ್ತಿಲ್ಲ. ನಾವೇ ಮಾಡಿಕೊಳ್ಳಬಹುದೇ?
— ಓದುಗರು, ಧಾರವಾಡ

ಮಾಡಿಕೊಳ್ಳಬಹುದು. ಒಂದು ಶೀರ್ಷಿಕೆಯ ಮಟ್ಟಿಗೆ ಅದೇ ಉತ್ತಮ ದಾರಿ ಕೂಡ. ಇಂಗ್ಲಿಷಿನ ಸವೆದ ಫಾಂಟಿಗೆ ನೂರು ಚಿಲ್ಲರೆ ಆಕೃತಿ ಸಾಕು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ಆಕೃತಿಗಳು ಹಲವು ನೂರಾಗುತ್ತವೆ. ಅದರ ಮೇಲೆ ಒತ್ತು ಬೇರೆ ತುಂಡು, ದೀರ್ಘ ಬೇರೆ ತುಂಡು. ತುಂಡುಗಳು ಕೂಡುವ ಕಡೆ ಒಂದರ ಗೀರು ಇನ್ನೊಂದರಲ್ಲಿ ಮುಂದುವರಿಯದೆ ಕತ್ತರಿಸಿದಂತೆ ನಿಲ್ಲುತ್ತದೆ. ಇಡೀ ಪದವನ್ನು ಸ್ವಚ್ಛ ಫಾಂಟಿನಲ್ಲಿ ಕೂರಿಸಿ, ಆಮೇಲೆ ಒಟ್ಟಿಗೆ ಸವೆಸಿದರೆ ಈ ತೊಂದರೆಯೇ ಇಲ್ಲ.

ಮೂಲ ಫಾಂಟಿಗೆ ‘ಅನೇಕ್ ಕನ್ನಡ’ದ ಎಕ್ಸ್‌ಟ್ರಾ ಬೋಲ್ಡ್ ನಮ್ಮ ಮೊದಲ ಆಯ್ಕೆ. ಅದರ ಅಗಲವನ್ನು 75ರಿಂದ 125ರವರೆಗೆ ಬದಲಿಸಬಹುದಾದ್ದರಿಂದ ಉದ್ದ ಶೀರ್ಷಿಕೆಯೂ ಒಂದೇ ಸಾಲಿಗೆ ಕೂರುತ್ತದೆ. ‘ನೋಟೊ ಸ್ಯಾನ್ಸ್ ಕನ್ನಡ’ದ ಬ್ಲ್ಯಾಕ್ ತೂಕವೂ (ಅದರ ಅತಿ ದಪ್ಪ ರೂಪ) ಚೆನ್ನ. ‘ಬಾಲೂ ತಮ್ಮ’ ದಪ್ಪವಾಗಿದ್ದರೂ ಅದರ ತುದಿಗಳು ಉಬ್ಬಿ ದುಂಡಗಿವೆ, ಮಕ್ಕಳ ಪುಸ್ತಕದ ನಗುಮುಖ ಅದಕ್ಕೆ. ಎಷ್ಟು ಸವೆಸಿದರೂ ಒರಟುತನ ಬರುವುದಿಲ್ಲ. ಹಳೆಯ ಯುನಿಕೋಡೇತರ ನುಡಿ, ಬರಹ ಫಾಂಟುಗಳಲ್ಲಿಯೂ ಕೆಲಸ ಆಗುತ್ತದೆ. ಆದರೆ ಪಠ್ಯವನ್ನು ಮತ್ತೆ ತಿದ್ದುವಾಗ ಕಾಟ ಕೊಡುತ್ತದೆ.

ಒತ್ತಕ್ಷರ ಒಡೆದು ಪಕ್ಕಕ್ಕೆ ಕೂತರೆ ದೋಷ ಫಾಂಟಿನದಲ್ಲ. ಫೋಟೋಶಾಪಿನ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ‘ವರ್ಲ್ಡ್ ರೆಡಿ ಲೇಔಟ್’ಗೆ ಬದಲಿಸಿ. ಇಲಸ್ಟ್ರೇಟರಿನಲ್ಲಿ ಟೈಪ್ ವಿಭಾಗದ ‘ಇಂಡಿಕ್ ಆಪ್ಷನ್ಸ್’ ಆನ್ ಮಾಡಿ. ಉಚಿತವಾದ ಇಂಕ್‌ಸ್ಕೇಪ್‌ಗೆ ಇದ್ಯಾವುದೂ ಬೇಕಿಲ್ಲ, ಕನ್ನಡವನ್ನು ನೇರವಾಗಿ ಸರಿ ಜೋಡಿಸುತ್ತದೆ. ಹಾಗಾಗಿ ಮುಂದಿನ ಹಂತಗಳನ್ನು ಅದರಲ್ಲೇ ಹೇಳುತ್ತೇವೆ.

ಮೊದಲು ಸವೆತದ ಚಿತ್ರ. ಅಂತರ್ಜಾಲದಿಂದ ಇಳಿಸುವ ಬದಲು ಕೈಯಲ್ಲೇ ಮಾಡಿ. ಪೇಂಟ್ ರೋಲರನ್ನು ಕಪ್ಪು ಪೋಸ್ಟರ್ ಬಣ್ಣದಲ್ಲಿ ಅದ್ದಿ, ಹಳೆಯ ಪೇಪರಿನ ಮೇಲೆ ಉರುಳಿಸಿ ಮುಕ್ಕಾಲು ಪಾಲು ಬಣ್ಣ ತೆಗೆದು, ನಂತರ ಬಿಳಿ ಎ4 ಹಾಳೆಯ ಮೇಲೆ ಒಂದೇ ಬಾರಿ ಎಳೆಯಿರಿ. ಕಪ್ಪಿನ ನಡುವೆ ಬಣ್ಣ ಹತ್ತದ ಬಿಳಿ ಜಾಗಗಳೇ ನಿಮ್ಮ ಸವೆತ. ನಾಲ್ಕೈದು ಹಾಳೆ ಮಾಡಿ ಒಣಗಿಸಿ, 600 ಡಿಪಿಐನಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ. ಉಚಿತ ಚಿತ್ರ ತಂತ್ರಾಂಶ ಜಿಂಪ್‌ನಲ್ಲಿ ತೆರೆದು ಬಣ್ಣ ತಿರುಗುಮುರುಗು ಮಾಡಿದರೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೀರು ಸಿಗುತ್ತದೆ. ಆಮೇಲೆ ಥ್ರೆಶೋಲ್ಡ್ ಕೊಟ್ಟು ಬೂದು ಛಾಯೆಯನ್ನೆಲ್ಲ ತೆಗೆಯಿರಿ.

ಎಷ್ಟು ಸವೆಸಬೇಕು ಎಂಬುದನ್ನು ಕಣ್ಣಂದಾಜಿಗೆ ಬಿಡಬೇಡಿ, ಅಳೆಯಬಹುದು. ಹಿಸ್ಟೋಗ್ರಾಮ್ (ಚಿತ್ರದ ಕಪ್ಪು ಬಿಳುಪಿನ ಲೆಕ್ಕದ ನಕ್ಷೆ) ತೆರೆದು ಸರಾಸರಿ ಮೌಲ್ಯ ನೋಡಿ, ಪೂರ್ತಿ ಬಿಳಿಗೆ ಅದು 255. 255ಕ್ಕೆ 230 ಬಂದರೆ ಸುಮಾರು 10 ಶೇಕಡ ಜಾಗ ಗೀರು ಎಂದರ್ಥ. ಇಂಗ್ಲಿಷ್ ದೊಡ್ಡಕ್ಷರಗಳು 20 ಶೇಕಡದವರೆಗೂ ತಾಳುತ್ತವೆ. ಕನ್ನಡಕ್ಕೆ 8ರಿಂದ 12 ಸಾಕು. ಗೀರಿನ ಅಗಲವೂ ಮುಖ್ಯ. ಅಕ್ಷರದ ಗೆರೆ 12 ಮಿಲಿಮೀಟರ್ ದಪ್ಪವಿದ್ದರೆ ಅತಿ ದೊಡ್ಡ ಗೀರು 3 ಮಿಲಿಮೀಟರ್ ಮೀರದಿರಲಿ, ಅಂದರೆ ಗೆರೆಯ ಕಾಲು ಭಾಗ.

ಇಂಕ್‌ಸ್ಕೇಪ್‌ನಲ್ಲಿ ಪದ ಟೈಪ್ ಮಾಡಿ, ಅದರ ಒಂದು ಪ್ರತಿಯನ್ನು ಪುಟದ ಹೊರಗೆ ಇಟ್ಟುಕೊಳ್ಳಿ. ಆಮೇಲೆ ತಿದ್ದಬೇಕಾದರೆ ಅದೇ ಗತಿ. ಇನ್ನೊಂದನ್ನು ಶಿಫ್ಟ್, ಕಂಟ್ರೋಲ್, ಸಿ ಒತ್ತಿ ಪಾತ್ (ಬಿಂದು, ಗೆರೆಗಳ ಆಕೃತಿ) ಆಗಿಸಿ, ಅನ್‌ಗ್ರೂಪ್ ಮಾಡಿ, ‘ಯೂನಿಯನ್’ ಕೊಟ್ಟು ಒಂದೇ ಆಕೃತಿ ಮಾಡಿ. ಯೂನಿಯನ್ ಮರೆತರೆ ಮುಂದಿನ ಹಂತ ಎಲ್ಲ ಅಕ್ಷರಗಳಿಗೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಸವೆತದ ಚಿತ್ರವನ್ನು ಆಮದು ಮಾಡಿ ‘ಟ್ರೇಸ್ ಬಿಟ್‌ಮ್ಯಾಪ್’ ಕೊಟ್ಟು ಗೀರುಗಳನ್ನೂ ಪಾತ್ ಆಗಿಸಿ, ಅಲ್ಲಿ ‘ಸ್ಪೆಕಲ್ಸ್’ ಎಂಬ ಅಂಕಿಯನ್ನು ಏರಿಸಿ. 600 ಡಿಪಿಐನಲ್ಲಿ 0.4 ಮಿಲಿಮೀಟರ್ ಎಂದರೆ ಒಂಬತ್ತೂವರೆ ಪಿಕ್ಸೆಲ್, ಆ ಅಡ್ಡಳತೆಯ ಚುಕ್ಕಿಯ ವಿಸ್ತೀರ್ಣ ಸುಮಾರು 70 ಪಿಕ್ಸೆಲ್. ಅಲ್ಲಿ 70 ಎಂದು ಕೊಟ್ಟರೆ ಮುದ್ರಣದಲ್ಲಿ ಕಾಣದ, ಫೈಲನ್ನು ಭಾರ ಮಾಡುವ ಧೂಳೆಲ್ಲ ಬಿದ್ದುಹೋಗುತ್ತದೆ. ಟ್ರೇಸ್ ಆದ ಗೀರನ್ನು ಪದದ ಮೇಲಿಟ್ಟು ಎರಡನ್ನೂ ಆಯ್ದು ‘ಡಿಫರೆನ್ಸ್’ ಕೊಡಿ. ಮೇಲಿರುವುದು ಕೆಳಗಿನದನ್ನು ಕೊರೆಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಉಳಿದಿದೆ. ಕನ್ನಡದಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವುದು ಹಲವು ಕಡೆ ಬಹಳ ಸಣ್ಣ ತುಂಡು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಕೆಳಗಿನ ಒಂದು ಗೀಟು. ಠ ಒಳಗಿನ ಚುಕ್ಕಿ ಅಳಿದರೆ ಅದು ರ. ಥ ಒಳಗಿನದು ಅಳಿದರೆ ಧ. ಷ ಒಳಗಿನ ಗೀಟು ಹೋದರೆ ಪ. ಗೀರು ಸರಿಯಾಗಿ ಅಲ್ಲೇ ಬಿದ್ದರೆ ‘ಭಾರಿ’ ಹೋಗಿ ‘ಬಾರಿ’ ಆಗುತ್ತದೆ, ‘ಧನ’ ಹೋಗಿ ‘ದನ’ ಆಗುತ್ತದೆ. ಇಂಗ್ಲಿಷಿನ ಸವೆದ ಫಾಂಟಿಗೆ ಈ ಅಪಾಯ ಇಷ್ಟಿಲ್ಲ. ಆದ್ದರಿಂದ ಡಿಫರೆನ್ಸ್ ಕೊಡುವ ಮೊದಲೇ ಈ ಜಾಗಗಳ ಮೇಲೆ ಬಂದ ಗೀರಿನ ತುಂಡುಗಳನ್ನು ಆಯ್ದು ಅಳಿಸಿ. ದೀರ್ಘದ ಕೊಂಬು, ಅರ್ಕಾವತ್ತು, ಸೊನ್ನೆಗೂ ಇದೇ ರಕ್ಷಣೆ ಬೇಕು. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಬಹಳ ಚಿಕ್ಕವು, ಅವುಗಳ ಗೆರೆಯೂ ತೆಳು. ಮೇಲಿನ ಅಕ್ಷರಕ್ಕೆ ಹಿತವಾದ ಗೀರೇ ಒತ್ತಿಗೆ ಅತಿಯಾಗುತ್ತದೆ. ಒತ್ತಿನ ಮೇಲಿನ ಗೀರನ್ನು 60 ಶೇಕಡಕ್ಕೆ ಕುಗ್ಗಿಸಿ, ಇಲ್ಲವೇ ಒತ್ತನ್ನು ಸವೆಸದೆ ಬಿಡಿ. ತಲೆಕಟ್ಟಿನ ಮೇಲಂಚು ಮತ್ತು ಅಕ್ಷರದ ದಪ್ಪ ಹೊಟ್ಟೆ ಮಾತ್ರ ಎಷ್ಟು ಸವೆದರೂ ಓದಿಗೆ ಅಡ್ಡಿಯಿಲ್ಲ. ಧೈರ್ಯ ತೋರಿಸುವುದಾದರೆ ಅಲ್ಲಿ ತೋರಿಸಿ.

ಕೊನೆಗೆ ಶೀರ್ಷಿಕೆಯನ್ನು 3 ಸೆಂಟಿಮೀಟರ್ ಅಗಲಕ್ಕೆ ಇಳಿಸಿ ಮುದ್ರಿಸಿ, ನಾಟಕದ ಹೆಸರು ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸಿ. ತಡವರಿಸಿದ ಅಕ್ಷರ ಯಾವುದೆಂದು ಗುರುತು ಹಾಕಿಕೊಂಡು ಅದನ್ನಷ್ಟೇ ತುಂಬಿ.

ಇಂಗ್ಲಿಷ್ ಸವೆದ ಫಾಂಟಿನಲ್ಲಿ ಒಂದು ಹೆಸರು ಬರೆದೆ. ಅದರಲ್ಲಿ ‘ಎಲ್’ ಎರಡು ಬಾರಿ ಬರುತ್ತದೆ. ಎರಡರಲ್ಲೂ ಗೀರು ಒಂದೇ ಜಾಗದಲ್ಲಿ ಕಂಡು ನಕಲಿ ಎನಿಸುತ್ತದೆ. ಪರಿಹಾರವೇನು?
— ಓದುಗರು, ಬೆಂಗಳೂರು

ನಿಮ್ಮ ಕಣ್ಣು ಸರಿಯಾಗಿಯೇ ಹಿಡಿದಿದೆ. ಈ ಬಗೆಯ ಫಾಂಟಿನ ಬಹು ದೊಡ್ಡ ದೋಷ ಇದು, ಎರಡು ಅಕ್ಷರ ಅಕ್ಕಪಕ್ಕ ಬಂದಾಗ ತಕ್ಷಣ ಎದ್ದು ಕಾಣುತ್ತದೆ.

ಮೊದಲು ಸಣ್ಣಕ್ಷರದ ಕೀಲಿ ಒತ್ತಿ ನೋಡಿ. ಬರೀ ದೊಡ್ಡಕ್ಷರಗಳಿರುವ ಅನೇಕ ಡಿಸ್ಪ್ಲೇ ಫಾಂಟುಗಳಲ್ಲಿ ಸಣ್ಣಕ್ಷರದ ಜಾಗದಲ್ಲಿ ಅದೇ ದೊಡ್ಡಕ್ಷರದ ಬೇರೆ ಸವೆತದ ರೂಪ ಇಟ್ಟಿರುತ್ತಾರೆ. ಒಂದು ಅಕ್ಷರ ಶಿಫ್ಟ್ ಒತ್ತಿ, ಮುಂದಿನದು ಒತ್ತದೆ ಬರೆದರೆ ಸಮಸ್ಯೆ ಅಲ್ಲಿಗೇ ಮುಗಿಯಿತು. ಅದಿಲ್ಲದಿದ್ದರೆ ವಿನ್ಯಾಸ ತಂತ್ರಾಂಶದ ಓಪನ್‌ಟೈಪ್ ಫಲಕದಲ್ಲಿ ‘ಕಾಂಟೆಕ್ಸ್‌ಚುವಲ್ ಆಲ್ಟರ್ನೇಟ್ಸ್’ ಇದೆಯೇ ನೋಡಿ. ಇದ್ದರೆ ಆನ್ ಮಾಡಿದೊಡನೆ ಫಾಂಟ್ ತಾನಾಗಿ ರೂಪ ಬದಲಿಸುತ್ತದೆ. ಆದರೆ ಅದರ ನಿಯಮ ಹೆಚ್ಚಾಗಿ ಪಕ್ಕದ ಕೆಲವು ಅಕ್ಷರಗಳನ್ನಷ್ಟೇ ನೋಡುತ್ತದೆ. ಮೇಲಿನ ಸಾಲಿನ ಎಲ್‌ಗೆ ಸರಿಯಾಗಿ ಕೆಳಗೆ ಅದೇ ಎಲ್ ಬಂದರೆ ಅದಕ್ಕೆ ತಿಳಿಯುವುದಿಲ್ಲ, ನೀವೇ ಬದಲಿಸಬೇಕು.

ಎರಡೂ ಇಲ್ಲದ ಫಾಂಟಾದರೆ ಪಠ್ಯವನ್ನು ಪಾತ್ ಮಾಡಿ ಎರಡನೆಯ ಅಕ್ಷರದ ಗೀರನ್ನು ಕೈಯಿಂದ ಬದಲಿಸಬೇಕು. ಐ, ಎಚ್, ಒ, ಎಕ್ಸ್, ಎನ್, ಎಸ್, ಜೆಡ್ ಇವನ್ನು 180 ಡಿಗ್ರಿ ತಿರುಗಿಸಿದರೂ ಅಕ್ಷರ ಬಹುಮಟ್ಟಿಗೆ ಅದೇ ಉಳಿದು ಗೀರು ಮಾತ್ರ ಜಾಗ ಬದಲಿಸುತ್ತದೆ. ಎಸ್ ಮತ್ತು ಎಕ್ಸ್‌ನ ಮೇಲರ್ಧ ಕೆಳಗಿನರ್ಧಕ್ಕಿಂತ ತುಸು ಕಿರಿದಾಗಿರುವುದರಿಂದ ತಿರುಗಿಸಿದ ಮೇಲೆ ತಲೆಭಾರ ಅನಿಸಿದರೆ ಹಿಂದಕ್ಕೆ ತನ್ನಿ. ಎ, ಎಂ, ಟಿ, ಯು, ವಿ, ವೈ ಇವನ್ನು ಕನ್ನಡಿಯಂತೆ ಎಡಬಲ ಮಗುಚಬಹುದು. ಎ, ವಿ, ಎಂ, ಯುಗಳ ಎರಡು ಕಾಲಿನ ದಪ್ಪ ಬೇರೆಯಿದ್ದರೆ ಅದು ಎದ್ದು ಕಾಣುತ್ತದೆ, ಗಮನಿಸಿ. ನಿಮ್ಮ ಎಲ್‌ಗೆ ಎರಡೂ ಆಗುವುದಿಲ್ಲ. ಹಳೆಯ ಗೀರನ್ನು ತುಂಬಿ ಹೊಸದು ಕೊರೆಯುವುದೊಂದೇ ದಾರಿ. ಕನ್ನಡದಲ್ಲಿ ಪೂರ್ತಿ ಪದವನ್ನು ಒಂದೇ ಸವೆತದ ಹಾಳೆಯಿಂದ ಕೊರೆದರೆ ಈ ಪ್ರಶ್ನೆ ಏಳುವುದಿಲ್ಲ.

ಇದೇ ತೊಡಕಿಗೆ ಡಚ್ ಜೋಡಿ ಯುಸ್ಟ್ ಫಾನ್ ರೋಸಮ್ ಮತ್ತು ಎರಿಕ್ ಫಾನ್ ಬ್ಲಾಕ್‌ಲಾಂಡ್ 1990ರ ಹೊತ್ತಿಗೇ ಉತ್ತರ ಕೊಟ್ಟಿದ್ದರು. ಅವರ ‘ಬೆಓವುಲ್ಫ್’ ಫಾಂಟಿನಲ್ಲಿ ಅಕ್ಷರದ ಬಿಂದುಗಳನ್ನು ಪ್ರಿಂಟರೇ ಮುದ್ರಿಸುವ ಹೊತ್ತಿಗೆ ಅಲ್ಲಾಡಿಸುತ್ತಿತ್ತು, ಒಂದು ಅಕ್ಷರ ಇನ್ನೊಂದರಂತೆ ಇರುತ್ತಿರಲಿಲ್ಲ.

ಕಬಡ್ಡಿ ತಂಡದ ಕಪ್ಪು ಟೀ ಶರ್ಟಿಗೆ ಸವೆದ ಅಕ್ಷರದಲ್ಲಿ ಹೆಸರು ಹಾಕಿಸಿದೆವು. ಪರದೆಯ ಮೇಲೆ ಕಂಡ ಗೀರುಗಳು ಬಟ್ಟೆಯ ಮೇಲೆ ಅರ್ಧಕ್ಕರ್ಧ ಮುಚ್ಚಿಹೋದವು. ತಪ್ಪು ಎಲ್ಲಿ?
— ಓದುಗರು, ಶಿವಮೊಗ್ಗ

ಮೂರು ಕಡೆ ಇರಬಹುದು, ಹೆಚ್ಚಾಗಿ ಮೂರೂ ಸೇರಿಯೇ ಇರುತ್ತವೆ.

ಒಂದನೆಯದು ಬಣ್ಣ ಹಾಯುವ ಸ್ಕ್ರೀನಿನ ಜಾಲರಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ 43ಟಿ ಎಂದರೆ ಒಂದು ಸೆಂಟಿಮೀಟರಿಗೆ 43 ಎಳೆ, ಎಳೆಯಿಂದ ಎಳೆಗೆ 0.23 ಮಿಲಿಮೀಟರ್. ಒಂದು ಆಕಾರ ನಿಲ್ಲಬೇಕಾದರೆ ಕನಿಷ್ಠ ಎರಡು ಎಳೆಯಂತರವಾದರೂ ಬೇಕು. ಅಂದರೆ 43ಟಿಯಲ್ಲಿ ಸುಮಾರು 0.5 ಮಿಲಿಮೀಟರಿಗಿಂತ ಸಣ್ಣದು ನಿಲ್ಲುವುದಿಲ್ಲ. 77ಟಿಯಲ್ಲಿ 0.26ರವರೆಗೆ ಹೋಗಬಹುದು. ದಪ್ಪ ಬಿಳಿ ಬಣ್ಣ ಕೂರಲೆಂದು ಮುದ್ರಕರು ಕಪ್ಪು ಬಟ್ಟೆಗೆ 43ಟಿ ಹಿಡಿಯುವುದು ಸಹಜ. ಆಗ ಗೀರುಗಳನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಬೇಕಾದವರು ವಿನ್ಯಾಸಕರು.

ಎರಡನೆಯದು ಬಣ್ಣ ಹರಡುವುದು. ಸವೆತ ಎಂದರೆ ಬಣ್ಣದ ನಡುವಿನ ಖಾಲಿ ಜಾಗ. ಬಣ್ಣ ಎಲ್ಲ ಕಡೆಯಿಂದ ಒಳಕ್ಕೆ ಹರಿದು ಅದನ್ನು ಮುಚ್ಚುತ್ತದೆ. ಹಾಗಾಗಿ ಖಾಲಿ ಜಾಗ ಬಣ್ಣದ ಚುಕ್ಕಿಗಿಂತ ದೊಡ್ಡದಿರಬೇಕು. 43ಟಿಗೆ 0.7, 77ಟಿಗೆ 0.5 ಮಿಲಿಮೀಟರ್ ಇಟ್ಟುಕೊಳ್ಳಿ. ಅದಕ್ಕಿಂತ ಸಣ್ಣ ಗೀರನ್ನು ಸ್ಕ್ರೀನ್ ಮಾಡಲು ಫಿಲ್ಮ್ ತೆಗೆಸುವ ಮೊದಲೇ ತೆಗೆದುಬಿಡಿ.

ಮೂರನೆಯದು ಅಡಿಬಣ್ಣ. ಕಪ್ಪು ಬಟ್ಟೆಯ ಮೇಲೆ ಕೆಂಪೋ ಹಳದಿಯೋ ಹೊಳೆಯಲು ಕೆಳಗೆ ಬಿಳಿ ಹೊಡೆಯುತ್ತಾರೆ. ಎರಡು ಸ್ಕ್ರೀನ್ ಕೂದಲೆಳೆಯಷ್ಟು ಸರಿದರೂ ಪ್ರತಿ ಗೀರಿನ ಅಂಚಲ್ಲೂ ಬಿಳಿ ಇಣುಕುತ್ತದೆ. ಅದನ್ನು ತಡೆಯಲು ಬಿಳಿಯನ್ನು ಎಲ್ಲ ಅಂಚಿನಿಂದ 0.25 ಮಿಲಿಮೀಟರ್ ಒಳಕ್ಕೆ ಎಳೆದರೆ, ಸವೆತದ ನಡುವೆ ಉಳಿದ ಸಣ್ಣ ಬಣ್ಣದ ತುಣುಕುಗಳ ಕೆಳಗೆ ಬಿಳಿಯೇ ಉಳಿಯುವುದಿಲ್ಲ. ಅಲ್ಲಿ ಕೆಂಪು ಬಟ್ಟೆಯೊಳಗೆ ಮುಳುಗಿ ಕಂದಾಗುತ್ತದೆ. ಸವೆದ ಅಕ್ಷರಕ್ಕೆ ಒಂದೇ ಬಣ್ಣ, ಒಂದೇ ಸ್ಕ್ರೀನ್ ಎಂಬುದು ನಮ್ಮ ಗಟ್ಟಿ ಸಲಹೆ. ಕಪ್ಪಿನ ಮೇಲೆ ಬರೀ ಬಿಳಿ ಸಾಕು. ಹತ್ತಿ ಬಟ್ಟೆಯಾದರೆ ಬಟ್ಟೆಯ ಬಣ್ಣವನ್ನೇ ತೆಗೆದು ತನ್ನ ಬಣ್ಣ ಕೂರಿಸುವ ಡಿಸ್ಚಾರ್ಜ್ ಶಾಯಿ ಕೇಳಿ. ಅಡಿಬಣ್ಣವೇ ಬೇಡ, ಕೈಗೂ ಮೆತ್ತಗೆ. ಪಾಲಿಯೆಸ್ಟರ್ ಜೆರ್ಸಿಗೆ ಅದು ಹಿಡಿಯುವುದಿಲ್ಲ.

ಫಿಲ್ಮಿಗೆ ಫೈಲ್ ಕೊಡುವಾಗ ಜೆಪೆಗ್ ಕೊಡಬೇಡಿ. ಅಂಚಿನ ಬೂದು ಪಿಕ್ಸೆಲ್‌ಗಳನ್ನು ಯಂತ್ರ ಹಾಫ್‌ಟೋನ್ ಚುಕ್ಕಿ ಮಾಡಿ, ಅಕ್ಷರದ ಸುತ್ತ ಮಸುಕು ಹಬ್ಬಿಸುತ್ತದೆ. ವೆಕ್ಟರ್ (ಗೆರೆಗಳ ಆಕೃತಿ) ಅಥವಾ 1 ಬಿಟ್ (ಬೂದು ಇಲ್ಲದ, ಬರೀ ಕಪ್ಪು ಬಿಳುಪಿನ) ಚಿತ್ರವನ್ನು ನಿಜ ಅಳತೆಯಲ್ಲಿ 600 ಪಿಪಿಐಗೆ ಕೊಡಿ. ಬಿಸಿಗೆ ಗಟ್ಟಿಯಾಗುವ ಪ್ಲಾಸ್ಟಿಸಾಲ್ ಶಾಯಿಯಾದರೆ ಬಣ್ಣದ ಪದರ ತಳದವರೆಗೂ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇಲ್ಲದಿದ್ದರೆ ಕೆಲವು ಒಗೆತಕ್ಕೇ ಬಣ್ಣ ಬಿರಿದು, ನೀವು ಬಯಸದ ಸವೆತ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಹೇಳಿದರೂ ಕಬಡ್ಡಿ ಉಡುಪಿಗೆ ಇದು ಒಳ್ಳೆಯ ಆಯ್ಕೆಯೇ. ಎದೆಯಗಲ ಭರ್ತಿ ಮುದ್ರಣ ರಟ್ಟಿನಂತೆ ಬಿಗಿದು ಬೆವರು ಹಿಡಿದಿಟ್ಟುಕೊಳ್ಳುತ್ತದೆ. ನಡುನಡುವೆ ಖಾಲಿ ಜಾಗ ಇದ್ದರೆ ಬಟ್ಟೆ ಬಾಗುತ್ತದೆ, ಗಾಳಿಯೂ ಆಡುತ್ತದೆ.

ಬೈಕಿನ ಟ್ಯಾಂಕಿಗೆ ಇದೇ ಅಕ್ಷರವನ್ನು ವಿನೈಲ್ ಕಟರ್‌ನಲ್ಲಿ ಕತ್ತರಿಸಬಹುದೇ?
— ಓದುಗರು, ತುಮಕೂರು

ಬೇಡ. ಪ್ರತಿ ಗೀರನ್ನೂ ಬ್ಲೇಡ್ ಸುತ್ತಿ ಕತ್ತರಿಸಬೇಕು, ಪ್ರತಿ ತುಣುಕನ್ನೂ ಚಿಮುಟದಿಂದ ಎತ್ತಬೇಕು. 2 ಮಿಲಿಮೀಟರಿಗಿಂತ ಸಣ್ಣ ತುಣುಕುಗಳು ಕತ್ತರಿಸುವಾಗಲೇ ಎದ್ದು ಬ್ಲೇಡಿಗೆ ಅಂಟಿಕೊಳ್ಳುತ್ತವೆ. ಕೂತವುಗಳೂ ನೀರು ತಗುಲಿ ಅಂಚಿನಿಂದ ಏಳುತ್ತವೆ. ಸವೆತವನ್ನು ವಿನೈಲ್ ಮೇಲೆ ಮುದ್ರಿಸಿ, ಮೇಲೆ ಲ್ಯಾಮಿನೇಟ್ ಹಾಕಿ, ಹೊರಗಿನ ಸರಳ ಆಕಾರವನ್ನಷ್ಟೇ ಕತ್ತರಿಸುವ ‘ಪ್ರಿಂಟ್ ಅಂಡ್ ಕಟ್’ ಕೇಳಿ. ಕಸೂತಿ ಯಂತ್ರಕ್ಕೂ ಇದು ಹೊಂದುವುದಿಲ್ಲ. 1 ಮಿಲಿಮೀಟರಿಗಿಂತ ತೆಳುವಾದ ಗೆರೆಯಲ್ಲಿ ಹೊಲಿಗೆ ಅಚ್ಚುಕಟ್ಟಾಗಿ ಕೂರುವುದಿಲ್ಲ.

ಪೋಸ್ಟರಿನ ಪಿಡಿಎಫ್ ತೆರೆದರೆ ಗಣಕ ಸ್ತಬ್ಧವಾಗುತ್ತದೆ, ಪ್ರೆಸ್ಸಿನವರೂ ಫೈಲ್ ಹಿಂದಿರುಗಿಸಿದ್ದಾರೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ ಕೊಟ್ಟಿದ್ದೆ.
— ಓದುಗರು, ಮೈಸೂರು

ಔಟ್‌ಲೈನ್ ಮಾಡಿದ್ದೇ, ಅಂದರೆ ಅಕ್ಷರವನ್ನು ಬಿಂದು, ಗೆರೆಗಳ ಆಕೃತಿಯಾಗಿ ಬದಲಿಸಿದ್ದೇ ಕಾರಣ. ಸ್ವಚ್ಛ ಅಕ್ಷರಕ್ಕೆ ಕೆಲವು ಡಜನ್ ಬಿಂದು ಸಾಕು, ಸವೆದ ಅಕ್ಷರಕ್ಕೆ ಸಾವಿರಗಟ್ಟಲೆ ಇರಬಹುದು. ಫಾಂಟ್ ಆಗಿದ್ದಾಗ ಒಂದು ಅಕ್ಷರದ ಆಕೃತಿ ಫೈಲಿನಲ್ಲಿ ಒಮ್ಮೆ ಮಾತ್ರ ಇರುತ್ತದೆ. ಔಟ್‌ಲೈನ್ ಮಾಡಿದ ಮೇಲೆ ಅದು ಬಂದ ಕಡೆಯಲ್ಲೆಲ್ಲ ಅಷ್ಟೂ ಬಿಂದುಗಳು ಮತ್ತೆ ಕೂರುತ್ತವೆ. ಹಳೆಯ ಪೋಸ್ಟ್‌ಸ್ಕ್ರಿಪ್ಟ್ ಯಂತ್ರಗಳು ಒಂದು ಪಾತ್‌ನಲ್ಲಿ 1500 ಬಿಂದು ಮೀರಿದರೆ ‘ಲಿಮಿಟ್‌ಚೆಕ್’ ದೋಷ ತೋರಿಸಿ ನಿಂತೇಬಿಡುತ್ತಿದ್ದವು. ಈಗಿನವು ನಿಲ್ಲುವುದಿಲ್ಲ, ತೆವಳುತ್ತವೆ.

ಫಾಂಟನ್ನು ಪಿಡಿಎಫ್‌ನೊಳಗೆ ಎಂಬೆಡ್ ಮಾಡಿ ಕೊಡುವುದು ಮೊದಲ ದಾರಿ. ನೀವೇ ಸವೆಸಿದ ಕನ್ನಡ ಶೀರ್ಷಿಕೆಯಾದರೆ ಅದನ್ನಷ್ಟೇ 1 ಬಿಟ್ ಟಿಫ್ ಆಗಿ 1200 ಪಿಪಿಐಗೆ ಬದಲಿಸಿ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನ ಪುಟದಲ್ಲಿ ಇರಿಸಿ. ಪೂರ್ತಿ ಎ4 ಅಳತೆಗೂ ಅದು ಕುಗ್ಗಿಸದೆಯೇ 17 ಮೆಗಾಬೈಟ್ ಚಿಲ್ಲರೆ. ಪಿಡಿಎಫ್ ಮಾಡುವಾಗ ಸಿಸಿಐಟಿಟಿ ಗ್ರೂಪ್ 4 ಎಂಬ ಕುಗ್ಗಿಸುವ ವಿಧಾನ ಆಯ್ದರೆ ಅದರ ಸಣ್ಣ ಪಾಲಿಗೆ ಇಳಿಯುತ್ತದೆ. 1 ಬಿಟ್ ಚಿತ್ರಕ್ಕೆ ಇನ್‌ಡಿಸೈನಿನಲ್ಲೇ ಬೇಕಾದ ಬಣ್ಣ ಕೊಡಬಹುದು. ಆದರೆ ಒಂದೇ ಶಾಯಿಯ ಬಣ್ಣ ಕೊಡಿ. ನಾಲ್ಕು ಶಾಯಿ ಕೂಡಿಸಿದ ಕಪ್ಪಿನಲ್ಲಿ ತುಸು ಹೆಚ್ಚುಕಡಿಮೆಯಾದರೂ ಪ್ರತಿ ಗೀರಿಗೂ ಬಣ್ಣದ ನೆರಳು ಹುಟ್ಟುತ್ತದೆ. ಪತ್ರಿಕೆಯ ಕಾಗದದ ಮೇಲೆ ಮುದ್ರಿಸುವುದಿದ್ದರೆ ಗೀರುಗಳನ್ನು ಇನ್ನೂ ಅಗಲ ಮಾಡಿ. ಆ ಕಾಗದ ಶಾಯಿಯನ್ನು ಹೀರಿ ಹರಡುತ್ತದೆ.

ಕಾಫಿ ಬೀಜದ ಗೋಣಿಚೀಲದ ಮೇಲೆ ತೋಟದ ಹೆಸರನ್ನು ಹಳೆಯ ಕಾಲದಂತೆ ಸವೆದ ಅಕ್ಷರದಲ್ಲಿ ಹಾಕಿಸಬೇಕೆಂದಿದ್ದೇವೆ. ಯಾವ ಫಾಂಟ್ ಸೂಕ್ತ?
— ಓದುಗರು, ಮೂಡಿಗೆರೆ

ಸವೆದ ಫಾಂಟನ್ನು ಇಲ್ಲಿ ಬಳಸಲೇಬೇಡಿ, ಸ್ವಚ್ಛ ದಪ್ಪಕ್ಷರ ಕೊಡಿ. ಸೆಣಬಿನ ನೇಯ್ಗೆಯ ಏರುತಗ್ಗಿನಲ್ಲಿ ಬಣ್ಣ ಉಬ್ಬಿದ ಎಳೆಗೆ ಹತ್ತುತ್ತದೆ, ತಗ್ಗಿನಲ್ಲಿ ಬಿಡುತ್ತದೆ. ನೀವು ಬಯಸುವ ಸವೆತ ಬಟ್ಟೆಯಿಂದಲೇ ಬರುತ್ತದೆ, ಅದೂ ಪ್ರತಿ ಚೀಲಕ್ಕೂ ಬೇರೆ ಬೇರೆಯಾಗಿ. ಮೊದಲೇ ಸವೆದ ಅಕ್ಷರವನ್ನು ಅದರ ಮೇಲೆ ಹಾಕಿದರೆ ಎರಡೂ ಸೇರಿ ಹೆಸರು ಓದಲಾಗದು.

ಅಕ್ಷರದ ಎತ್ತರ 75 ಮಿಲಿಮೀಟರಿಗೆ ಕಡಿಮೆ ಬೇಡ, ಗೆರೆ 12 ಮಿಲಿಮೀಟರ್ ಇರಲಿ. ಕೊರೆದ ಹಾಳೆ ಬಳಸುವುದಾದರೆ ಕನ್ನಡದ ಮುಚ್ಚಿದ ಸುತ್ತುಗಳು, ಅಂದರೆ ರ, ಠ, ಸೊನ್ನೆಯಂಥವುಗಳ ನಡುಭಾಗ, ಕಳಚಿ ಬೀಳುತ್ತವೆ. ಪ್ರತಿ ಸುತ್ತಿಗೂ 4ರಿಂದ 5 ಮಿಲಿಮೀಟರ್ ಅಗಲದ ಎರಡು ಸೇತುವೆ ಬಿಡಿ. ಒಂದೇ ಬಿಟ್ಟರೆ ನಡುಭಾಗ ನೇತಾಡುತ್ತದೆ, ಬ್ರಷ್ ತಾಗಿದಾಗ ಮಡಚಿಕೊಳ್ಳುತ್ತದೆ. ಬ್ರಷ್‌ನಲ್ಲಿ ಬಣ್ಣ ಕಡಿಮೆ ಇರಲಿ, ಕುಟ್ಟಿ ಹಚ್ಚಿ, ಎಳೆಯಬೇಡಿ. ಹಸಿರು ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಸೀಮೆಎಣ್ಣೆ, ತೆಳುಗಾರಕದ ವಾಸನೆಯ ಬಣ್ಣ ಬೇಡವೇ ಬೇಡ. ನೀರಿನ ಬಣ್ಣ ಹಚ್ಚಿ, ಖಾಲಿ ಚೀಲವನ್ನು ಪೂರ್ತಿ ಒಣಗಿಸಿದ ಮೇಲೆಯೇ ಬೀಜ ತುಂಬಿ.

ನಮ್ಮ ಕನ್ನಡ ಸಂಘದ ಜಾಲತಾಣದ ಶೀರ್ಷಿಕೆಗಳನ್ನೆಲ್ಲ ಈ ಶೈಲಿಯಲ್ಲಿ ತೋರಿಸಬಹುದೇ? ಚಿತ್ರವಾಗಿ ಹಾಕಿದರೆ ಹುಡುಕಾಟಕ್ಕೆ ಸಿಗುವುದಿಲ್ಲವಲ್ಲ.
— ಓದುಗರು, ಸಿಂಗಪುರ

ಚಿತ್ರ ಮಾಡಬೇಕಿಲ್ಲ. ‘ಅನೇಕ್ ಕನ್ನಡ’ದಂಥ ದಪ್ಪ ಫಾಂಟಿನಲ್ಲಿ ಪಠ್ಯವನ್ನು ಪಠ್ಯವಾಗಿಯೇ ಇಟ್ಟು, ಜಾಲಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನ ಮಾಸ್ಕ್ ಇಮೇಜ್ ಗುಣದ ಮೂಲಕ ಪಾರದರ್ಶಕ ಗೀರುಗಳಿರುವ ಒಂದು ಪಿಎನ್‌ಜಿ ಚಿತ್ರವನ್ನು ಅದಕ್ಕೆ ಮುಸುಕು ಹಾಕಿ. ಅಕ್ಷರ ಸವೆದಂತೆ ಕಾಣುತ್ತದೆ. ಹುಡುಕಾಟಕ್ಕೆ, ನಕಲಿಗೆ, ದೃಷ್ಟಿದೋಷವುಳ್ಳವರ ಓದುತಂತ್ರಾಂಶಕ್ಕೆ ಪೂರ್ತಿ ಸಿಗುತ್ತದೆ. ಮುಸುಕಿನ ಚಿತ್ರ ಶೀರ್ಷಿಕೆಗಿಂತ ಅಗಲವಿರಲಿ, ಇಲ್ಲದಿದ್ದರೆ ಅದೇ ಗೀರು ಮತ್ತೆ ಮತ್ತೆ ಬಂದು ಬಯಲಾಗುತ್ತದೆ. ಕನ್ನಡಕ್ಕೆ 48 ಪಿಕ್ಸೆಲ್‌ಗಿಂತ ಚಿಕ್ಕ ಅಕ್ಷರಕ್ಕೆ ಮುಸುಕು ಬೇಡ. ಫೋನಿನ ಪರದೆಯಲ್ಲಿ ಮಾಸ್ಕ್ ತೆಗೆದುಬಿಡುವ ನಿಯಮ ಬರೆಯಿರಿ. ಎಲ್ಲ ಶೀರ್ಷಿಕೆಗೂ ಬೇಡ, ಪುಟಕ್ಕೆ ಒಂದು ಸಾಕು.

ಒಂದೇ ಆಮಂತ್ರಣದಲ್ಲಿ ಇದರ ಜೊತೆ ಯಾವ ಫಾಂಟ್ ಹೊಂದುತ್ತದೆ? ಎಲ್ಲಿ ಬಳಸಬಾರದು?
— ಓದುಗರು, ಹಾಸನ

ಜೊತೆಗೆ ಅತಿ ಸರಳವಾದದ್ದು: ‘ನೋಟೊ ಸ್ಯಾನ್ಸ್ ಕನ್ನಡ’ದ ಸಾದಾ ತೂಕ, ಸವೆತವಿಲ್ಲದೆ. ಶೀರ್ಷಿಕೆ ಮತ್ತು ಉಳಿದ ಪಠ್ಯದ ಅಳತೆ ಕನಿಷ್ಠ ನಾಲ್ಕು ಪಟ್ಟು ಬೇರೆ ಇರಲಿ. ದಿನಾಂಕ, ಸಮಯ, ಫೋನ್ ಸಂಖ್ಯೆ ಇವನ್ನು ಎಂದೂ ಸವೆಸಬೇಡಿ. 3 ಮತ್ತು 8, 6 ಮತ್ತು 0 ಒಂದೇ ಗೀರಿನಲ್ಲಿ ಅದಲು ಬದಲಾಗುತ್ತವೆ. ಔಷಧದ ಚೀಟಿ, ವಿದ್ಯುತ್ ಅಪಾಯದ ಫಲಕ, ಆಸ್ಪತ್ರೆಯ ದಾರಿಸೂಚಿ ಇವುಗಳಲ್ಲಿ ಈ ಶೈಲಿಗೆ ಜಾಗವಿಲ್ಲ. ಸಾಹಸ, ಆಟ, ಚಾರಣ, ರಂಗಭೂಮಿ, ರಾಕ್ ಸಂಗೀತ, ಬಿಯರ್ ಅಥವಾ ಕಾಫಿಯ ಲೇಬಲ್, ಪ್ರತಿಭಟನೆಯ ಫಲಕ ಇವುಗಳಲ್ಲಿ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಕೈಯಿಂದ ಒತ್ತಿದ, ಬಳಸಿ ಸವೆದ ವಸ್ತುವಿನ ನೆನಪು ಅಲ್ಲಿ ಅರ್ಥಪೂರ್ಣ. ಮದುವೆಯ ಆಮಂತ್ರಣಕ್ಕೆ ನಾವಂತೂ ಸೂಚಿಸುವುದಿಲ್ಲ.

‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುವ ಉಚಿತ ಫಾಂಟನ್ನು ಅಂಗಡಿಯ ಬೋರ್ಡಿಗೆ ಹಾಕಬಹುದೇ?
— ಓದುಗರು, ಕಲಬುರಗಿ

ಇಲ್ಲ, ಅಂಗಡಿಯ ಬೋರ್ಡ್ ವಾಣಿಜ್ಯ ಬಳಕೆಯೇ. ಫಾಂಟ್ ಫೈಲ್ ತಂತ್ರಾಂಶವಾದ್ದರಿಂದ ಅದರ ಪರವಾನಗಿಯನ್ನು ಮೀರುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು. ಚಿತ್ರವಾಗಿ ಬದಲಿಸಿ ಹಾಕಿದರೂ ಆ ಷರತ್ತು ತಪ್ಪುವುದಿಲ್ಲ. ಸವೆದ ಫಾಂಟುಗಳಲ್ಲಿ ಇಂಥ ಷರತ್ತು ಹೆಚ್ಚು, ಇಳಿಸುವ ಪುಟದಲ್ಲಿ ಅದು ಸಣ್ಣಕ್ಷರದಲ್ಲಿರುತ್ತದೆ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವವನ್ನು ಹುಡುಕಿ. ರೂಬಿಕ್ ಕುಟುಂಬ, ಅನೇಕ್, ನೋಟೊ ಎಲ್ಲವೂ ಇದರಡಿ ಬರುತ್ತವೆ. ಬೋರ್ಡ್, ಟೀ ಶರ್ಟ್, ಲೋಗೊ ಎಲ್ಲಕ್ಕೂ ಬಳಸಬಹುದು, ಬದಲಿಸಲೂ ಬಹುದು. ಫಾಂಟ್ ಫೈಲನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಬದಲಿಸಿ ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಹಣ ಕೊಟ್ಟು ಕೊಳ್ಳುವ ಫಾಂಟಾದರೆ ಗಣಕಕ್ಕೆ, ಜಾಲತಾಣಕ್ಕೆ, ಆ್ಯಪ್‌ಗೆ ಪರವಾನಗಿ ಸಾಮಾನ್ಯವಾಗಿ ಬೇರೆ ಬೇರೆ. ರಸೀದಿ ಮತ್ತು ಪರವಾನಗಿಯ ಪಠ್ಯವನ್ನು ಫಾಂಟ್ ಇರುವ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ, ಬೋರ್ಡ್ ಮಾಡುವವರಿಗೆ ಫಾಂಟ್ ಫೈಲಿನ ಬದಲು ಔಟ್‌ಲೈನ್ ಮಾಡಿದ ವಿನ್ಯಾಸವನ್ನು ಕೊಡಿ.